ಬಣ್ಣ ತಾಗದ ಪಂಚನಾಮೆ

ಕಂತು ಒಂಬತ್ತು

"ಒಂದ ಹನೀನೂ ಬಿದ್ದಿಲ್ಲ, ದೇವಕ್ಕಾರ."

ವಕೀಲ ಗೌಸಮೊದ್ದೀನರು ಕೋರ್ಟಿನ ಪಡಸಾಲೆಗೆ ಬಂದವರೇ ಇಷ್ಟು ಹೇಳಿ, ಟೊಪ್ಪಿಗೆ ತೆಗೆದು ಹಣೆಯ ಬೆವರು ಒರೆಸಿಕೊಂಡರು. ಹೊತ್ತು ಹನ್ನೊಂದಾಗಿತ್ತು. ಚೈತ್ರದ ಬಿಸಿಲಿಗೆ ಮೇಲಿನ ಹಂಚು ಆಗಲೇ ಕಾದಿತ್ತು.

"ಮೂಲ ಕಾಗದಾನ ನೋಡಿದ್ರೇನು? ನಕಲು ಅಲ್ಲಲ್ಲ?" ದೇವಕ್ಕ ಕೇಳಿದಳು.

"ಮೂಲಾನ. ಶಿರಸ್ತೇದಾರ ಎದುರಿಗೆ ನಿಂತು ತೋರಿಸಿದ. ಹಿಂದ ಮುಂದ ಹೊಳ್ಳಿಸಿ ನೋಡೇನಿ."

ಮೂರು ವಾರದ ಹಿಂದೆ, ರಂಗಪಂಚಮಿಯ ದಿನ, ಹಳೇ ಹುಬ್ಬಳ್ಳಿಯ ಕಲಾಯಿಗಾರ ಲಾಲಸಾಬನ ಅಂಗಡಿಯಲ್ಲಿ ಕಳ್ಳಸರಾಯಿ ಸಿಕ್ಕಿತೆಂದೂ, ಅದನ್ನು ಕುಡಿದೇ ಹಮಾಲ ಮಡಿವಾಳಪ್ಪ ಸತ್ತನೆಂದೂ ಅಬಕಾರಿಯವರ ಕೇಸು.

ಹೋಳಿ ಹುಣ್ಣಿಮೆಯಿಂದ ಪಂಚಮಿಯವರೆಗೆ ಸರಾಯಿ ಅಂಗಡಿಗಳಿಗೆ ಬೀಗ ಹಾಕಬೇಕೆಂದು ಕಲೆಕ್ಟರರ ಹುಕುಂ ಇತ್ತು. ಅಂಗಡಿಗೆ ಬೀಗ ಹಾಕಿದರೆ ಬಾಯಿಗೆ ಬೀಗ ಬೀಳುತ್ತದೆಯೇ? ಹುಕುಂ ಹೊರಟ ದಿನವೇ ಕಳ್ಳಭಟ್ಟಿಯವರಿಗೆ ಸುಗ್ಗಿ. ಆ ಐದು ದಿನಗಳಲ್ಲಿ ಕುಡಿದು ಸಿಕ್ಕವರಿಗೆ ದಂಡ, ಮಾರಿ ಸಿಕ್ಕವರಿಗೆ ಜೈಲು. ಮಾರಿದ್ದನ್ನು ಕುಡಿದು ಯಾರಾದರೂ ಸತ್ತರೆ ಮಾತ್ರ ಸಂಗತಿ ಧಾರವಾಡದ ಸೆಶನ್ಸ್ ಕೋರ್ಟಿಗೆ ಏರುತ್ತದೆ.

ಲಾಲಸಾಬನನ್ನು ಧಾರವಾಡಕ್ಕೆ ಕಳಿಸಬೇಕೋ ಬಿಡಬೇಕೋ ಎಂಬುದನ್ನು ಮ್ಯಾಜಿಸ್ಟ್ರೇಟರು ಇಂದೇ ಎರಡೂವರೆಗೆ ಹೇಳುವವರಿದ್ದರು. ಅಲ್ಲಿಗೆ ಹೋದರೆ ಹತ್ತು ವರ್ಷ ಖಾತ್ರಿ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆತನಿಗೆ ಐವತ್ತೆರಡು ವರ್ಷ. ಎದೆಯಲ್ಲಿ ಕಲಾಯಿಗೆ ಹಾಕುವ ನವಸಾಗರದ ಹೊಗೆ ಕೂತು ಮಾತಿಗೊಮ್ಮೆ ಕೆಮ್ಮು. ಹತ್ತು ವರ್ಷದ ಜೈಲು ಅಂಥವನಿಗೆ ಫಾಶಿಯೇ ಸರಿ.

ಇಷ್ಟಕ್ಕೂ ಆಧಾರ ಒಂದೇ ಒಂದು ಪಂಚನಾಮೆ. ದಾಳಿ ನಡೆದ ಜಾಗದಲ್ಲೇ ಕೂತು, ಓಣಿಯ ಇಬ್ಬರು ಪಂಚರ ಕಣ್ಣೆದುರು ಬರೆದು, ಅಲ್ಲೇ ಅವರ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕಾದ ಕಾಗದ ಅದು. ಅದರಲ್ಲಿ ಬರೆದ ವೇಳೆ ರಂಗಪಂಚಮಿಯ ಹಗಲು ಹನ್ನೆರಡು.

ಆ ಹೊತ್ತಿಗೆ ಹಳೇ ಹುಬ್ಬಳ್ಳಿಯಲ್ಲಿ ಬಣ್ಣ ತಾಗದ ನಾಯಿಯೂ ಉಳಿದಿರುವುದಿಲ್ಲ. ಚಕ್ಕಡಿಯ ಮೇಲಿನ ಪೀಪಾಯಿಯಿಂದ ಬಣ್ಣ, ಮಾಳಿಗೆಯ ಮೇಲಿಂದ ಬಣ್ಣ, ಎದುರಿಗೆ ಬಂದವನ ಅಂಗೈಯಲ್ಲೂ ಬಣ್ಣ. ಹಿಡಿದೊಯ್ದ ದಿನದ ಅಂಗಿಯಲ್ಲೇ ಲಾಲಸಾಬ ಇಂದಿಗೂ ಕಟಕಟೆಗೆ ಬರುತ್ತಾನೆ, ಅದರ ಬೆನ್ನ ಮೇಲಿನ ನೇರಳೆ ಕಲೆ ಜೈಲಿನ ನೀರಿಗೂ ಹೋಗಿಲ್ಲ. ಅಂಥ ಗದ್ದಲದ ನಡುವೆ ಜಮಾದಾರ, ಶಿಪಾಯಿಗಳು, ಪಂಚರು ಬೀದಿಯಲ್ಲಿ ಕೂತು ಎರಡು ಪುಟ ಬರೆದರಂತೆ, ಆದರೆ ಕಾಗದಕ್ಕೆ ಒಂದು ಹನಿ ಬೀಳಲಿಲ್ಲವಂತೆ. ಇದನ್ನು ನಂಬುವವನು ಹುಬ್ಬಳ್ಳಿಯವನಲ್ಲ.

ಇಂಥ ಸಂಶಯ ಲಾಲಸಾಬನ ವಕೀಲರಿಗೆ ಹೊಳೆದಿರಲಿಲ್ಲ, ಆತನಿಗಾಗಿ ಓಡಾಡುತ್ತಿದ್ದ ದೇವಕ್ಕನಿಗೆ ಹೊಳೆದಿತ್ತು. ಆಕೆಯ ಗಂಡ ಗುರುಸಿದ್ದಪ್ಪ ಇಪ್ಪತ್ತು ವರ್ಷ ಅಬಕಾರಿ ಜಮಾದಾರನಾಗಿದ್ದು ಎರಡು ವರ್ಷದ ಹಿಂದೆ ತೀರಿಕೊಂಡವನು. ಜಮಾದಾರನ ಹೆಂಡತಿ ಅರ್ಧ ಜಮಾದಾರಳು ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಚೇಷ್ಟೆಯಲ್ಲಿ ಎಷ್ಟು ನಿಜವಿದೆಯೆಂಬುದು ಓಣಿಯವರಿಗೆ ತಿಳಿದಿರಲಿಲ್ಲ.

ಸ್ವಚ್ಛ ಕಾಗದವೊಂದೇ ಸಾಲದು ಎಂದರು ವಕೀಲರು. ಕೈ ತೊಳೆದು ಅಂಗಡಿಯ ಒಳಗೆ ಕೂತು ಬರೆದೆವು ಎಂದರೆ ಮುಗಿಯಿತು. ಪಂಚರಲ್ಲಿ ಒಬ್ಬನಾದರೂ ಬಾಯಿ ಬಿಡಬೇಕು. ರೇಲ್ವೆ ಕೂಲಿಯಾಗಿದ್ದ ಒಬ್ಬ ಪಂಚ ಊರಲ್ಲಿಲ್ಲ. ಇನ್ನೊಬ್ಬ ಚಹಾದಂಗಡಿಯ ಹಜರತಅಲಿ, ಅವನು ವಕೀಲರ ನೆರಳು ಕಂಡರೂ ಹಿತ್ತಲ ಬಾಗಿಲಿನಿಂದ ಮಾಯವಾಗುತ್ತಾನೆ.

"ಮತ್ತೇನಾರ ಕಂಡಿತೇನು ಕಾಗದದ ಮ್ಯಾಲ?"

ವಕೀಲರು ನೆನಪಿಸಿಕೊಂಡರು. ವಿಶೇಷವೇನಿಲ್ಲ, ಎರಡು ಹೆಬ್ಬೆಟ್ಟುಗಳ ಸುತ್ತಲೂ ಎಣ್ಣೆ ಹೀರಿದಂಥ ಹಳದಿ ಕಲೆ ಇದೆ, ಅದು ಬಣ್ಣವಂತೂ ಅಲ್ಲ ಎಂದರು.

ದೇವಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕಲೆ ಹಳದಿಯೇ ಎಂದು ಇನ್ನೊಮ್ಮೆ ಕೇಳಿಕೊಂಡಳು. ಆದರೆ ವಕೀಲರಿಗೆ ಹೇಳಿದ್ದು ಹಜರತಅಲಿಯನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಮಾತ್ರ.

*

ಟಾಂಗಾ ಹಳೇ ಹುಬ್ಬಳ್ಳಿಯ ಕಡೆಗೆ ಹೊರಟಿತು. ಬೆಳಿಗ್ಗೆ ಮನೆಯಲ್ಲಿ ನಡೆದದ್ದು ಆಕೆಯ ತಲೆಯಲ್ಲಿ ತಿರುಗುತ್ತಿತ್ತು.

ಮೈದುನ ಬಸಣ್ಣ ರೊಟ್ಟಿ ಮುರಿಯುತ್ತ, ತಲೆ ಎತ್ತದೆ, ಇವತ್ತು ಕೋರ್ಟಿಗೆ ಹೋಗುವುದು ಬೇಡ ಎಂದಿದ್ದ. ಆರು ವರ್ಷದವನಿದ್ದಾಗ ತಾಯಿ ಸತ್ತು, ವೈನಿ ದೇವಕ್ಕನ ಮಡಿಲಲ್ಲಿ ಬೆಳೆದ ಹುಡುಗ. ಅಣ್ಣ ಸತ್ತ ಮೇಲೆ ಅದೇ ಅಬಕಾರಿಯಲ್ಲಿ ಶಿಪಾಯಿಯಾಗಿದ್ದ. ಲಾಲಸಾಬನ ಅಂಗಡಿಗೆ ಹೊಸ ಜಮಾದಾರನ ಹಿಂದೆ ಹೋದ ಶಿಪಾಯಿಗಳಲ್ಲಿ ಆತನೂ ಒಬ್ಬ.

ಯಾಕೆ ಹೋಗಬಾರದು ಎಂದು ಕೇಳಿದರೆ ನೌಕರಿ ಎಂದ. ಅಂಗಡಿಯಲ್ಲಿ ಬಾಟಲಿ ಸಿಕ್ಕದ್ದು ಕಣ್ಣಾರೆ ಕಂಡೆಯಾ ಎಂದು ಕೇಳಿದರೆ, ತನ್ನನ್ನು ಓಣಿಯ ತುದಿಯಲ್ಲಿ ಜನರನ್ನು ತಡೆಯಲು ನಿಲ್ಲಿಸಿದ್ದರು ಎಂದ. ಎರಡನೆಯ ರೊಟ್ಟಿ ಹಾಗೇ ಬಿಟ್ಟು ಎದ್ದು ಹೋದ. ಬಸಣ್ಣ ರೊಟ್ಟಿ ಬಿಟ್ಟು ಎದ್ದದ್ದನ್ನು ದೇವಕ್ಕ ಹಿಂದೆಂದೂ ನೋಡಿರಲಿಲ್ಲ.

ದಾರಿಯಲ್ಲಿ ಮಡಿವಾಳಪ್ಪನ ಮನೆ ಬಂತು. ಬಾಗಿಲು ಮುಚ್ಚಿತ್ತು. ಎದುರಿನ ಬಯಲಿನಲ್ಲಿ ಕಾಮಣ್ಣನನ್ನು ಸುಟ್ಟ ಕರಿ ಗುರುತು ಇನ್ನೂ ಇತ್ತು. ಪ್ರತಿ ವರ್ಷ ಮನೆಮನೆಗೆ ಹೋಗಿ ಕಟ್ಟಿಗೆ, ಮುರಿದ ಹೊರಸು, ಹಳೇ ಕಸ ಕೂಡಿಸಿ ರಾಶಿ ಒಟ್ಟುತ್ತಿದ್ದವನು, ಕೊನೆಗೆ ಅದಕ್ಕೆ ಬೆಂಕಿ ಇಡುತ್ತಿದ್ದವನು ಮಡಿವಾಳಪ್ಪನೇ.

ರಂಗಪಂಚಮಿಯ ಹಿಂದಿನ ದಿನ ಆತ ದೇವಕ್ಕನ ಕಟ್ಟೆಯ ಮುಂದೆ ಬಂದು ನಿಂತಿದ್ದ. ಏನೋ ಹೇಳುವುದಿದೆ ಎಂದಿದ್ದ. ಬಾಯಿ ಗಂ ಎನ್ನುತ್ತಿತ್ತು. ನಾಳೆ ಬಾ, ಮೈಮೇಲೆ ಎಚ್ಚರ ಇದ್ದಾಗ ಬಾ ಎಂದು ಆಕೆ ಬಾಗಿಲು ಹಾಕಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆತ ಸತ್ತ. ಹಾಕಿದ ಬಾಗಿಲು ಅಂದಿನಿಂದ ಆಕೆಯನ್ನು ಚುಚ್ಚುತ್ತಲೇ ಇದೆ.

*

ಹಜರತಅಲಿ ಈ ಸಲ ಓಡಿಹೋಗಲಿಲ್ಲ. ಓಡುವುದಕ್ಕೆ ದಾರಿಯಿರಲಿಲ್ಲ, ಅಷ್ಟೇ. ದೇವಕ್ಕ ಮುಂಬಾಗಿಲಿನಿಂದ ಬಾರದೆ ಹಿತ್ತಲಿನಿಂದಲೇ ಬಂದಿದ್ದಳು.

ಒಲೆಯ ಮೇಲೆ ಚಹಾ ಉಕ್ಕಿ ಬಂತು. ಆತ ಇಳಿಸಲಿಲ್ಲ. ದೇವಕ್ಕನೇ ಸೆರಗಿನಿಂದ ಹಿಡಿದು ಪಾತ್ರೆ ಇಳಿಸಿದಳು. ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುವ ಕಲಾಯಿ.

"ಯಾರ ಹಾಕ್ಯಾರ ಈ ಕಲಾಯಿ, ಹಜರತಣ್ಣಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಆತ, ನಾನೇನೂ ಮಾಡಿಲ್ಲ ಅಕ್ಕಾರ ಎಂದುಬಿಟ್ಟ. ಮಾಡಿದೆ ಎಂದು ಯಾರೂ ಅಂದಿರಲಿಲ್ಲ.

ದೇವಕ್ಕ ಮೂಲೆಯ ಮಣೆಯ ಮೇಲೆ ಕೂತಳು. ಬೆಳಗಿನಿಂದ ಮಾಶಾಬಿ, ಲಾಲಸಾಬನ ಹೆಂಡತಿ, ಕೋರ್ಟಿನ ಮುಂದಿನ ಬೇವಿನ ಗಿಡದ ಕೆಳಗೆ ಬುತ್ತಿ ಹಿಡಿದುಕೊಂಡು ಕೂತಿದ್ದಾಳೆ ಎಂದು ಹೇಳಿದಳು. ಇಪ್ಪತ್ತು ವರ್ಷ ನಮ್ಮೆಲ್ಲರ ಮನೆಯ ಪಾತ್ರೆಗೆ ಕಲಾಯಿ ಹಾಕಿದ ಕೈಗೆ ಬೇಡಿ ಬಿದ್ದಿದೆ ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಆತನಿಗೆ ಸುಲಭವಾಗುತ್ತಿತ್ತು.

"ರಂಗಪಂಚಮಿ ದಿನ ಹನ್ನೆರಡು ಗಂಟೇಕ ನೀ ಎಲ್ಲಿದ್ದಿ?"

ಆತ ಒಲೆಯ ಬೂದಿ ಕೆದರಿದ. ಉಪ್ಪಿನಬೆಟಗೇರಿಯಲ್ಲಿ ತಂಗಿಯ ಮನೆಯಲ್ಲಿದ್ದೆ ಎಂದ. ಮರುದಿನ ಊರಿಗೆ ಬಂದಾಗ ಹೊಸ ಜಮಾದಾರ ಅಂಗಡಿಗೇ ಬಂದು, ಲಾಲಸಾಬನ ಪಂಚನಾಮೆಯ ಮೇಲೆ ನಿನ್ನ ಹೆಬ್ಬೆಟ್ಟಿದೆ, ನೋಡಿದೆ ಅನ್ನು, ಇಲ್ಲವೆಂದರೆ ಸುಳ್ಳು ಪಂಚನೆಂದು ನೀನೂ ಒಳಗೆ ಹೋಗುತ್ತಿ ಎಂದನಂತೆ.

"ಹೆಬ್ಬಟ್ಟು ನಿಂದೇನು?"

"ನಂದ ಅಕ್ಕಾರ. ಜಮಾದಾರ ತೋರಿಸಿದ. ಹೆಬ್ಬಟ್ಟಿನ ಒಳಮೈಗೆ ಸುಟ್ಟ ಗಾಯದ ಗೆರಿ ಐತಲ್ಲ, ಅದೂ ಮೂಡೇತಿ."

"ನೀ ಊರಾಗ ಇರಲಿಲ್ಲ. ಹೆಬ್ಬಟ್ಟು ಹ್ಯಾಂಗ ಬಂತು?"

ಹಜರತಅಲಿ ಈಗ ಮೊದಲ ಸಲ ಆಕೆಯ ಮುಖ ನೋಡಿದ. ಆ ನೋಟದಲ್ಲಿ ಭಯಕ್ಕಿಂತ ಸಂಕೋಚವೇ ಹೆಚ್ಚಾಗಿತ್ತು.

"ನಿಮ್ಮ ಜಮಾದಾರರು ಹ್ವಾದ ಮ್ಯಾಲ ನಾ ಒಂದ ಕಾಗದಕ್ಕೂ ಹೆಬ್ಬಟ್ಟು ಒತ್ತಿಲ್ಲ. ಕಡೀಕ ಒತ್ತಿದ್ದು ನಿಮ್ಮ ಕಟ್ಟಿ ಮ್ಯಾಲ. ನೀವು ಸಂಡಿಗಿ ಹಾಕಾಕತ್ತಿದ್ರಿ. ಶಾಯಿ ಆರಿತ್ತಂತ ಒಳಗಿಂದ ಕಾಡಿಗಿ ತಂದು ಕೊಟ್ರಿ. ಕಾಗದಾನೂ ನೀವ ತಂದಿದ್ರಿ, ಅಕ್ಕಾರ. ಬರದಾವ್ರೂ ನೀವ."

ಕಾಡಿಗೆ. ಔಡಲೆಣ್ಣೆಯಲ್ಲಿ ಕಲಸಿದ ಕಾಡಿಗೆ. ವಕೀಲರು ಕಂಡ ಹಳದಿ ಕಲೆ ಅದೇ. ಪಡಸಾಲೆಯಲ್ಲಿ ನಿಂತಾಗಲೇ ಆಕೆಗೆ ಗೊತ್ತಾಗಿತ್ತು, ಆದರೆ ಬೇರೆಯವರ ಬಾಯಿಂದ ಕೇಳುವವರೆಗೆ ಮನುಷ್ಯ ತನ್ನ ಮನಸ್ಸಿಗೂ ಮೋಸ ಮಾಡಿಕೊಳ್ಳುತ್ತಾನೆ.

ಗುರುಸಿದ್ದಪ್ಪ ದಾಳಿಯಲ್ಲಿ ಹುಲಿ, ಬರವಣಿಗೆಯಲ್ಲಿ ಇಲಿ. ಸಹಿಯೊಂದು ಬಿಟ್ಟು ಬೇರೆ ಅಕ್ಷರ ಆತನ ಕೈಯಲ್ಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹೆಣ್ಣುಮಕ್ಕಳ ಸಾಲೆಯಲ್ಲಿ ಐದನೆಯ ಇಯತ್ತೆ ಓದಿದ್ದ ದೇವಕ್ಕ ಮದುವೆಯಾದ ವರ್ಷದಿಂದಲೇ ಗಂಡನ ಪಂಚನಾಮೆಗಳನ್ನು ಬರೆಯತೊಡಗಿದಳು. ಮೊದಮೊದಲು ದಾಳಿ ಮುಗಿದ ಮೇಲೆ ಬರೆಯುತ್ತಿದ್ದಳು. ಆಮೇಲೆ ಹೋಳಿಯ ದಿನಗಳಲ್ಲಿ ಪುರಸೊತ್ತಿಲ್ಲವೆಂದು ಮುಂಚಿತವಾಗಿಯೇ ಬರೆದಿಡುವ ರೂಢಿ ಬಂತು. ಹೆಸರಿಗೆ, ಓಣಿಗೆ, ತಾರೀಖಿಗೆ, ವೇಳೆಗೆ, ಮಾಲಿಗೆ ಜಾಗ ಬಿಟ್ಟು ಬರೆಯುವುದು. ಪಂಚರನ್ನು ಕಟ್ಟೆಗೆ ಕರೆದು ಒಮ್ಮೆಲೇ ಹೆಬ್ಬೆಟ್ಟು ಹಾಕಿಸುವುದು. ವರ್ಷಕ್ಕಾಗುವಷ್ಟು ಸಂಡಿಗೆ ಬೇಸಿಗೆಯಲ್ಲಿ ಮಾಡಿಟ್ಟ ಹಾಗೆ.

ತಪ್ಪು ಎಂದು ಆಕೆಗೆ ಆಗ ಅನಿಸಿರಲಿಲ್ಲ. ಕಳ್ಳ ಸಿಗುವುದು ಖರೆ, ಕಾಗದ ಹಿಂದಾದರೇನು ಮುಂದಾದರೇನು ಎಂದುಕೊಂಡಿದ್ದಳು. ಗಂಡ ಸತ್ತ ಮೇಲೆ ಟ್ರಂಕಿನಲ್ಲಿ ಉಳಿದ ಕಟ್ಟು ಕಂಡಾಗ ಮಾತ್ರ ಅದನ್ನು ಮನೆಯಲ್ಲಿಡಲು ಅಂಜಿಕೆಯಾಯಿತು. ಅಂದು ಈ ವರ್ಷದ ಹೋಳಿ ಹುಣ್ಣಿಮೆ. ಕಾಮಣ್ಣನ ಬೆಂಕಿಗೆ ಒಗೆದು ಬಾ ಎಂದು ಅರಿವೆಯಲ್ಲಿ ಸುತ್ತಿ ಒಬ್ಬರ ಕೈಗೆ ಕೊಟ್ಟಿದ್ದಳು.

ಕೊಟ್ಟದ್ದು ಬಸಣ್ಣನ ಕೈಗೆ.

ದೇವಕ್ಕ ಎದ್ದಳು. ಮಾಡಿದ್ದುಣ್ಣೋ ಮಹಾರಾಯ ಎಂದು ಊರಿಗೆಲ್ಲ ಹೇಳುತ್ತ ಬಂದವಳ ಮುಂದೆಯೇ ಈಗ ಬಡಿಸಿದ ಎಲೆ ಇತ್ತು.

"ನೀ ಕೋರ್ಟಿಗೆ ಬಾ, ಹಜರತಣ್ಣಾ."

ಆತ ಮಕ್ಕಳ ಹೆಸರು ಹೇಳಿದ, ಅಂಗಡಿಯ ಹೆಸರು ಹೇಳಿದ. ಆಕೆ ಎಲ್ಲವನ್ನೂ ಕೇಳಿಸಿಕೊಂಡಳು.

"ಮೊದಲ ನಾ ಹೇಳ್ತೇನಿ. ಬೇಡಿ ಹಾಕೂದಾದ್ರ ನನಗ ಹಾಕ್ತಾರ. ಅದನ್ನ ನೋಡಿ ಆಮ್ಯಾಲ ನೀ ಹೇಳು. ಇಷ್ಟರ ಮಾಡು."

*

ಎರಡಕ್ಕೆ ಹತ್ತು ನಿಮಿಷವಿತ್ತು. ಕೋರ್ಟಿನ ಪಡಸಾಲೆಯಲ್ಲಿ ದೇವಕ್ಕನ ಮಾತು ಕೇಳುತ್ತ ಕೇಳುತ್ತ ವಕೀಲರ ಮುಖದ ಬಣ್ಣ ಇಳಿಯಿತು. ಮೂರು ವಾರದಿಂದ ಇಂಥದೊಂದು ಸಾಕ್ಷಿಗೆ ಕಾಯುತ್ತಿದ್ದ ಮನುಷ್ಯ, ಸಿಕ್ಕ ಮೇಲೆ ಬೇಡವೆನ್ನತೊಡಗಿದರು. ಸುಳ್ಳು ಪುರಾವೆ ತಯಾರಿಸಿದವರಿಗೆ ಏಳು ವರ್ಷದವರೆಗೆ ಸಜೆಯಿದೆ, ಗಂಡಸು ಹೆಂಗಸು ಎಂದು ಕಾಯ್ದೆಯ ಕಲಮು ನೋಡುವುದಿಲ್ಲ ಎಂದರು. ಸತ್ತ ಜಮಾದಾರನ ಹೆಸರು ಬೀದಿಗೆ ಬರುತ್ತದೆ. ಮೈದುನನ ನೌಕರಿಯಷ್ಟೇ ಅಲ್ಲ, ಆತನೂ ಕಟಕಟೆಗೆ ಬರುತ್ತಾನೆ. ಬೇರೆ ದಾರಿ ಹುಡುಕೋಣ ಎಂದರು.

ದೇವಕ್ಕ ಬೇವಿನ ಗಿಡದ ಕಡೆ ನೋಡಿದಳು. ಮಾಶಾಬಿ ಬುತ್ತಿಯ ಗಂಟನ್ನು ಇನ್ನೂ ಬಿಚ್ಚಿರಲಿಲ್ಲ. ಗಂಡ ಉಣ್ಣದೆ ತಾನು ಉಣ್ಣುವುದಿಲ್ಲವೆಂದು ಮೂರು ವಾರದಿಂದ ಹೀಗೇ ತಂದು, ಹೀಗೇ ಒಯ್ಯುತ್ತಿದ್ದಳು.

"ಎರಡೂವರೀಕ ಹೆಸರ ಕೂಗ್ತಾರ, ವಕೀಲಸಾಹೇಬ್ರ. ಬ್ಯಾರೆ ದಾರಿ ಅಷ್ಟರಾಗ ಎಲ್ಲಿ ಸಿಗತೈತಿ? ನನ್ನ ಹೆಸರು ಸಾಕ್ಷಿಗೆ ಹಾಕ್ರಿ."

ಹೆಸರು ಹಾಕಿದರು.

ಕೋರ್ಟಿನಲ್ಲಿ ಅಬಕಾರಿಯ ವಕೀಲರು ಈ ಹೆಂಗಸಿಗೂ ಕೇಸಿಗೂ ಏನು ಸಂಬಂಧವೆಂದು ಆಕ್ಷೇಪ ಎತ್ತಿದರು. ಮೂಲ ಪಂಚನಾಮೆಯನ್ನು ತನ್ನ ಕೈಗೆ ಕೊಟ್ಟರೆ ಸಂಬಂಧ ಹೇಳುತ್ತೇನೆ ಎಂದಳು ದೇವಕ್ಕ. ಜನರಲ್ಲಿ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ, ಕಾಗದ ಕೊಡಿಸಿದರು.

ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ದುಂಡಗಿನ, ಬಲಕ್ಕೆ ತುಸು ಬಾಗಿದ ಅಕ್ಷರ. ಗಂಡ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ, ಬರೆದು ಬರೆದು ಬೆರಳು ನೋಯುತ್ತಿದ್ದ ದಿನಗಳು. ಕಣ್ಣು ತುಂಬಿ ಬಂತು, ಆಕೆ ಒರೆಸಿಕೊಂಡಳು. ಬಿಟ್ಟ ಜಾಗಗಳಲ್ಲೆಲ್ಲ ಬೇರೆ ಶಾಯಿ, ಬೇರೆ ಕೈ. ಲಾಲಸಾಬನ ಹೆಸರು ಆ ಬೇರೆ ಕೈಯದು.

"ಈ ಹೆಸರು, ಓಣಿ, ತಾರೀಖು, ವ್ಯಾಳೆ, ಮಾಲು, ಇವು ಬಿಟ್ಟು ಉಳಿದದ್ದೆಲ್ಲಾ ನನ್ನ ಅಕ್ಷರ ರಿ, ಸಾಹೇಬ್ರ. ನನ್ನ ಮನಿಯವ್ರು ಬದುಕಿದ್ದಾಗ ಬರದದ್ದು. ಎರಡ ವರ್ಷದ ಮ್ಯಾಲಾತು."

ನಗು ನಿಂತಿತು. ಕಟಕಟೆಯಲ್ಲಿ ಲಾಲಸಾಬ ಕೆಮ್ಮನ್ನು ಅಂಗೈಯಲ್ಲಿ ಒತ್ತಿ ಹಿಡಿದ.

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಹೇಳುವ ಮಾತು ಆಕೆಯ ಮೇಲೆಯೇ ತಿರುಗುತ್ತದೆ, ಮುಂದೆ ಏನನ್ನೂ ಹೇಳದೆ ಇಳಿದುಹೋಗುವ ಅವಕಾಶ ಇನ್ನೂ ಇದೆ ಎಂದು ತಿಳಿಸಿ ಹೇಳಿದರು. ದೇವಕ್ಕ ಶಿರಸ್ತೇದಾರನ ಮೇಜಿನಿಂದ ಒಂದು ಹಾಳೆ ಬೇಡಿದಳು. ನಿಂತಲ್ಲೇ, ಕಟ್ಟಿಗೆಯ ಹಲಗೆಯ ಮೇಲೆ, ಪಂಚನಾಮೆಯ ಮೊದಲ ನಾಲ್ಕು ಸಾಲುಗಳನ್ನು ನೋಡದೆ ಬರೆದು ಕೊಟ್ಟಳು. ಶಿರಸ್ತೇದಾರ ಎರಡೂ ಹಾಳೆಗಳನ್ನು ಪಕ್ಕಪಕ್ಕಕ್ಕಿಟ್ಟ. ಎರಡರ ಅಕ್ಷರವೂ ಒಂದೇ ಆಗಿತ್ತು.

ಬಾಗಿಲ ಬಳಿಯ ಜನರ ನಡುವೆ ಹಜರತಅಲಿ ಟೊಪ್ಪಿಗೆಯನ್ನು ಹಿಂಡುತ್ತ ನಿಂತಿದ್ದ. ಆತನ ಎಡಕ್ಕೆ ಹೊಸ ಜಮಾದಾರ. ಜಮಾದಾರನ ಹಿಂದೆ, ಖಾಕಿಯಲ್ಲಿ, ಬಸಣ್ಣ.

"ಈ ಕಾಗದ ನಿಮ್ಮ ಮನಿಯಿಂದ ಹೊರಗ ಹ್ಯಾಂಗ ಬಂತು?" ಮ್ಯಾಜಿಸ್ಟ್ರೇಟರು ಕೇಳಿದರು.

ಸುಡಲು ಕೊಟ್ಟಿದ್ದೆ ಎಂದಳು.

"ಯಾರ ಕೈಯಾಗ?"

ದೇವಕ್ಕನಿಗೆ ಬೆಳಗಿನ ರೊಟ್ಟಿ ನೆನಪಾಯಿತು. ಆರು ವರ್ಷದ ಹುಡುಗನಿಗೆ ಪಾಟಿಯ ಮೇಲೆ ಕೈ ಹಿಡಿದು ತಿದ್ದಿಸಿದ್ದು ನೆನಪಾಯಿತು. ಒಂದು ಹೆಸರು ನುಂಗಿಕೊಂಡರೆ ಮನೆ ಉಳಿಯುತ್ತಿತ್ತು. ಆದರೆ ನುಂಗಿದ ಹೆಸರಿಗೆ ಬದಲಾಗಿ ಇನ್ನೊಂದು ಮನೆ ಮುಳುಗುತ್ತಿತ್ತು. ಆ ಮನೆಯಾಕೆ ಹೊರಗೆ ಗಿಡದ ಕೆಳಗೆ ಕೂತಿದ್ದಳು.

"ನನ್ನ ಮೈದುನ ಬಸಣ್ಣನ ಕೈಯಾಗ."

ಕೋರ್ಟೆಲ್ಲ ಒಮ್ಮೆಲೇ ಬಾಗಿಲ ಕಡೆ ಹೊರಳಿತು. ಬಸಣ್ಣ ಓಡಲಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ಬಂದು, ವೈನಿಯ ಕಟಕಟೆಯ ಕೆಳಗೆ ನಿಂತ. ಆತನ ಮುಖದಲ್ಲಿ ಸಿಟ್ಟಿರಲಿಲ್ಲ, ಹೊತ್ತ ಹೊರೆ ಇಳಿಸಿದವನ ಆಯಾಸವಿತ್ತು.

"ವೈನಿ ಹೇಳಿದ್ದು ಖರೇ ರಿ. ನಾ ಒಯ್ದು ಕಾಮಣ್ಣನ ರಾಶಿ ಮ್ಯಾಲ ಒಗದೆ. ಆದ್ರ ಅದು ಸುಡಲಿಲ್ಲ. ಬೆಂಕಿ ಹಚ್ಚೂಕಿಂತ ಮೊದಲ ಒಬ್ಬಾಂವ ಆ ಗಂಟು ಎತ್ತಿ ಅಂಗಿ ಒಳಗ ಇಟ್ಕೊಂಡ. ನಾ ಕಂಡೆ. ಕಂಡೂ ಸುಮ್ಮನಾದೆ."

"ಯಾರಂವ?"

"ಬೆಂಕಿ ಹಚ್ಚಾಂವ. ಮಡಿವಾಳಪ್ಪ."

ಸತ್ತವನ ಹೆಸರು ಕೇಳಿ ಕೋರ್ಟು ಗುಜುಗುಟ್ಟಿತು. ದೇವಕ್ಕನಿಗೆ ಮಾತ್ರ ಏನೂ ಕೇಳಿಸಲಿಲ್ಲ. ರಂಗಪಂಚಮಿಯ ಹಿಂದಿನ ದಿನ ಕಟ್ಟೆಯ ಮುಂದೆ ನಿಂತ ಮಡಿವಾಳಪ್ಪ ಆಕೆಯ ಕಣ್ಣ ಮುಂದೆ ಬಂದಿದ್ದ. ಬಾಯಿಯ ವಾಸನೆಗೆ ಮುಖ ತಿರುಗಿಸುವಾಗ ಆಕೆ ಒಂದನ್ನು ಕಂಡೂ ಮರೆತಿದ್ದಳು. ಆತನ ಬಲಗೈ ಅಂಗಿಯ ಒಳಗಿತ್ತು, ಏನನ್ನೋ ಎದೆಗೆ ಒತ್ತಿ ಹಿಡಿದುಕೊಂಡಿದ್ದ.

ಅಂದು ಬಾಗಿಲು ತೆರೆದಿದ್ದರೆ ಆ ಗಂಟು ಆಕೆಯ ಕೈಗೇ ಬರುತ್ತಿತ್ತು. ಮರುದಿನ ಆತ ಸಾಯುವ ಹೊತ್ತಿಗೆ ಅದು ಬೇರೆಯವರ ಕೈ ಸೇರಿತ್ತು. ಹಾಗಾದರೆ ಆತನಿಗೆ ಕುಡಿಯಲು ಕೊಟ್ಟವರು ಸರಾಯಿ ಮಾರುವವರಲ್ಲ, ಆ ಗಂಟನ್ನು ಕಸಿದುಕೊಂಡವರು.

ಮ್ಯಾಜಿಸ್ಟ್ರೇಟರಿಗೂ ಅದೇ ಹೊಳೆದಿರಬೇಕು. ಪಂಚನಾಮೆಯಲ್ಲಿ ಹೆಸರು ತುಂಬಿದ ಕೈ ಯಾರದು, ಜಮಾದಾರನನ್ನು ಕರೆಯಿರಿ ಎಂದರು.

ಶಿಪಾಯಿ ಬಾಗಿಲಿಗೆ ಹೋಗಿ ಪಡಸಾಲೆಯಲ್ಲಿ ಹೆಸರು ಕೂಗಿದ. 'ಹಾಜಿರ್ ಹೋ' ಎಂದು ಮೂರು ಸಲ ಕೂಗಿದ. ಹಜರತಅಲಿ ತನ್ನ ಎಡಗಡೆ ಖಾಲಿಯಾದ ಜಾಗವನ್ನು ನೋಡುತ್ತ ನಿಂತಿದ್ದ. ಹೊರಗೆ ರಸ್ತೆಯಲ್ಲಿ ಒಂದು ಟಾಂಗಾ ಜೋರಾಗಿ ಉಣಕಲ್ ಕಡೆಗೆ ಓಡುತ್ತಿತ್ತು.